ಎಲಾಸ್ಟಿಕ್ ಕೂರುವ ಜಾಗ

ಚರ್ಮದ ಕಾಯಿಲೆ ಒಬ್ಬರ ದಿನನಿತ್ಯದ ಬದುಕನ್ನು ಎಷ್ಟು ಹಿಂಡುತ್ತಿದೆ ಎಂದು ಅಳೆಯಲು ವೈದ್ಯರು ಬಳಸುವ ಪ್ರಶ್ನಾವಳಿಯೊಂದಿದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಫಿನ್ಲೆ ಮತ್ತು ಖಾನ್ ಎಂಬಿಬ್ಬರು ರೂಪಿಸಿ 1994ರಲ್ಲಿ ಪ್ರಕಟಿಸಿದ್ದು. ಹತ್ತೇ ಪ್ರಶ್ನೆ, ಕಳೆದ ಒಂದು ವಾರದ ಲೆಕ್ಕ. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 30. ನಾಲ್ಕನೆಯ ಪ್ರಶ್ನೆ ಬಟ್ಟೆಯದು: ಏನು ಉಡಬೇಕು ಎಂಬ ನಿಮ್ಮ ಆಯ್ಕೆಯಲ್ಲಿ ಚರ್ಮದ ಪಾಲೆಷ್ಟು ಎಂದು ಅದು ವಿಚಾರಿಸುತ್ತದೆ. ಹೆಚ್ಚಿನವರು ಇದಕ್ಕೆ ಉತ್ತರಿಸುವಾಗ ಮೇಲಿನ ಬಟ್ಟೆಯನ್ನೇ ನೆನೆಯುತ್ತಾರೆ. ಮೊಣಕೈ ಮುಚ್ಚುವ ರವಿಕೆ, ಕಾಲು ಮುಚ್ಚುವ ಪ್ಯಾಂಟು, ಹೊಟ್ಟು ಉದುರಿದರೂ ಎದ್ದು ಕಾಣದ ತಿಳಿಬಣ್ಣ. ಅದರೊಳಗೆ ಬೆಳಗಿನಿಂದ ರಾತ್ರಿಯವರೆಗೆ ಮೈಗೆ ಅಂಟಿಕೊಂಡೇ ಇರುವ ಬಟ್ಟೆಯ ಮಾತು ಬರುವುದಿಲ್ಲ. ಡಾಕ್ಟರು ಕೇಳುವುದಿಲ್ಲ, ನಾವು ಹೇಳುವುದಿಲ್ಲ.

ನಾನು ವರ್ಷಗಳಿಂದ ಸೋರಿಯಾಸಿಸ್ ಜೊತೆ ಬದುಕುತ್ತಿರುವವಳು. ಮುಲಾಮು, ಮಾತ್ರೆ, ಪಥ್ಯದ ಬಗ್ಗೆ ಬೇಕಾದಷ್ಟು ಸಲಹೆ ಸಿಗುತ್ತದೆ. ಒಳಉಡುಪಿನ ಬಗ್ಗೆ ಸಿಗುವುದು ಒಂದೇ: 'ಕಾಟನ್ ಹಾಕಿಕೊಳ್ಳಿ'. ಆ ಮಾತು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಪ್ರಯೋಜನವಿಲ್ಲ. ಬಟ್ಟೆ ಯಾವುದು ಎನ್ನುವುದಕ್ಕಿಂತ ಅದು ಮೈಮೇಲೆ ಎಲ್ಲಿ ಬಿಗಿಯುತ್ತದೆ, ಎಲ್ಲಿ ಉಜ್ಜುತ್ತದೆ, ಎಲ್ಲಿ ಒದ್ದೆ ಹಿಡಿದಿಡುತ್ತದೆ ಎನ್ನುವುದು ದೊಡ್ಡದು. ನೂರಕ್ಕೆ ನೂರು ಹತ್ತಿಯ ಚಡ್ಡಿಯೇ ಇರಲಿ, ಅದರ ಎಲಾಸ್ಟಿಕ್ ತೊಡೆಸಂದಿನ ಮಡಿಕೆಯೊಳಗೇ ಹೋಗಿ ಕೂರುತ್ತಿದ್ದರೆ, ಮುಲಾಮು ರಾತ್ರಿಯಿಡೀ ಮಾಡಿದ ಕೆಲಸವನ್ನು ಅದು ಹಗಲು ಕೆಡಿಸುತ್ತದೆ.

ಸೋರಿಯಾಸಿಸ್ ಎಂದರೆ ಮೊಣಕೈ, ಮೊಣಕಾಲು, ತಲೆಯ ಮೇಲೆ ಬೆಳ್ಳಿಬಣ್ಣದ ಹೊಟ್ಟು ಏಳುವ ಕಾಯಿಲೆ ಎಂದು ಬಹಳ ಜನಕ್ಕೆ ಗೊತ್ತು. ಅದು ಅಂಟುವ ರೋಗವಲ್ಲ. ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳಿ ಚರ್ಮದ ಕೋಶಗಳು ಮಿತಿಮೀರಿದ ವೇಗದಲ್ಲಿ ಹುಟ್ಟುವುದರಿಂದ ಬರುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲಿ ಇದಕ್ಕೆಂದೇ ಒಂದು ನಿರ್ಣಯ ಅಂಗೀಕರಿಸಿದವು. ಆದರೆ ಇದೇ ಕಾಯಿಲೆ ಮೈಯ ಮಡಿಕೆಗಳಿಗೆ ಇಳಿದಾಗ ಮುಖವೇ ಬೇರೆಯಾಗುತ್ತದೆ. ತೊಡೆಸಂದು, ಪೃಷ್ಠದ ನಡುವಿನ ಸೀಳು, ಎದೆಯ ಕೆಳಗಿನ ಮಡಿಕೆ, ಕಂಕುಳು. ಅಲ್ಲಿ ಯಾವಾಗಲೂ ತೇವ ಇರುವುದರಿಂದ ಹೊಟ್ಟು ನಿಲ್ಲುವುದಿಲ್ಲ. ನುಣುಪಾಗಿ ಹೊಳೆಯುವ ಮಚ್ಚೆ ಕಾಣುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಅದು ಕೆಂಪಿಗಿಂತ ಕಪ್ಪು ಬೆರೆತ ನೇರಳೆಯಾಗಿ ತೋರುವುದೂ ಉಂಟು. ಮಡಿಕೆಯ ತಳದಲ್ಲಿ ಚರ್ಮ ಬಿರಿದು ಸಣ್ಣ ಸೀಳು ಬಿದ್ದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಉರಿ. ಸೋರಿಯಾಸಿಸ್ ಇರುವವರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಬದುಕಿನಲ್ಲಿ ಯಾವಾಗಲಾದರೊಮ್ಮೆ ಗುಪ್ತಾಂಗದ ಚರ್ಮಕ್ಕೂ ಅದು ತಗಲುತ್ತದೆ. ಇಷ್ಟು ಜನರ ಸಂಕಟ ಇಷ್ಟು ಮೌನವಾಗಿರುವುದು ನನಗೆ ಸರಿ ಕಾಣುವುದಿಲ್ಲ.

ಈ ಕಾಯಿಲೆಗೂ ಚರ್ಮಕ್ಕಾಗುವ ಗಾಯಕ್ಕೂ ಇರುವ ನಂಟನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಲಾಗಿತ್ತು. 1870ರ ದಶಕದಲ್ಲಿ ಬ್ರೆಸ್ಲೌ ನಗರದ ವೈದ್ಯ ಹೈನ್ರಿಶ್ ಕೋಬ್ನರ್ ತಮ್ಮ ರೋಗಿಯೊಬ್ಬರಲ್ಲಿ ಒಂದು ವಿಚಿತ್ರ ಕಂಡರು. ಕುದುರೆ ಕಚ್ಚಿದ ಜಾಗದಲ್ಲಿ, ಹಚ್ಚೆ ಹಾಕಿಸಿಕೊಂಡ ಜಾಗದಲ್ಲಿ, ಚರ್ಮ ತರಚಿದ ಜಾಗದಲ್ಲಿ ಹೊಸ ಸೋರಿಯಾಸಿಸ್ ಮಚ್ಚೆಗಳು ಎದ್ದಿದ್ದವು. ಗಾಯ ಯಾವ ಆಕಾರದಲ್ಲಿತ್ತೋ ಮಚ್ಚೆಯೂ ಅದೇ ಆಕಾರದಲ್ಲಿ. ಇಂದಿಗೂ ಅದನ್ನು ಕೋಬ್ನರ್ ಪರಿಣಾಮ ಎಂದೇ ಕರೆಯುತ್ತಾರೆ. ಸೋರಿಯಾಸಿಸ್ ಇರುವವರಲ್ಲಿ ಸುಮಾರು ಕಾಲುಭಾಗ ಜನರಲ್ಲಿ ಇದು ಕಾಣುತ್ತದೆ. ತೊನ್ನು ಇರುವವರಲ್ಲೂ ಇದೆ. ಇದಕ್ಕೆ ಕುದುರೆಯೇ ಕಚ್ಚಬೇಕೆಂದಿಲ್ಲ. ದಿನವೂ ಅದೇ ಗೆರೆಯ ಮೇಲೆ ಒತ್ತುವ ಪಟ್ಟಿ ಸಾಕು. ನಮ್ಮಲ್ಲಿ ಲಂಗದ ಲಾಡಿ, ಸೊಂಟಕ್ಕೆ ಕಟ್ಟಿದ ಕಪ್ಪು ಉಡಿದಾರ, ಚೂಡಿದಾರದ ದಾರ, ಬೆಲ್ಟು, ಬ್ರಾದ ಕೆಳಪಟ್ಟಿ, ಚಡ್ಡಿಯ ಎಲಾಸ್ಟಿಕ್, ಇವು ಒಂದರ ಮೇಲೊಂದು ಅದೇ ಸೊಂಟ, ಅದೇ ಎದೆಯ ಸುತ್ತ ಕೂರುತ್ತವೆ. ಸೊಂಟದ ಸುತ್ತ ದಾರ ಎಳೆದಂತೆ ತೊನ್ನಿನ ಬಿಳಿಗೆರೆ ಮೂಡಿದ್ದನ್ನು ಕಂಡವರು ಇದ್ದೀರಿ. ಅಂಥವರಿಗೆ ಉಡಿದಾರ ತೆಗೆಯಿರಿ ಎಂದು ಮನೆಯ ಹಿರಿಯರಿಗೆ ಹೇಳಿ ಒಪ್ಪಿಸುವುದು ಕಷ್ಟ. ಆದರೂ ಹೇಳಬೇಕು.

ಒಂದು ಕೆಲಸ ಮಾಡಿ ನೋಡಿ. ಸಂಜೆ ಬಟ್ಟೆ ಬದಲಿಸುವಾಗ ಅವಸರ ಪಡದೆ, ಬೆಳಕಿರುವ ಕಡೆ ಕನ್ನಡಿಯ ಮುಂದೆ ನಿಂತು ಮೈ ನೋಡಿಕೊಳ್ಳಿ. ಸೊಂಟದ ಸುತ್ತ ಎಲಾಸ್ಟಿಕ್ ಊರಿದ ಗೆರೆ ಇರುತ್ತದೆ. ಹತ್ತಿರದಿಂದ ನೋಡಿದರೆ ಅದರ ನೇಯ್ಗೆಯ ಏಣುಗಳೂ ಚರ್ಮದಲ್ಲಿ ಅಚ್ಚಾಗಿರುತ್ತವೆ. ಗೆರೆಯ ಮೇಲ್ತುದಿಯಲ್ಲಿ, ಹೊಟ್ಟೆ ಬಾಗುವ ಕಡೆ, ಬಣ್ಣ ಗಾಢವಾಗಿದ್ದರೆ ಅಲ್ಲಿ ದಿನವೂ ತಿಕ್ಕಾಟ ನಡೆದಿದೆ ಎಂದರ್ಥ. ಆಮೇಲೆ ತೊಡೆಯ ಬುಡ. ಕಾಲಿನ ಪಟ್ಟಿ ಸರಿಯಾಗಿ ಮಡಿಕೆಯ ಮೇಲೇ ಇದೆಯೇ, ಮೇಲಕ್ಕಿದೆಯೇ, ಕೆಳಕ್ಕಿದೆಯೇ? ಕೂತು ಎದ್ದು ನೋಡಿ. ನಿಂತಾಗ ಮೇಲಿರುವ ಪಟ್ಟಿ ಕೂತಾಗ ಮಡಿಕೆಗೆ ಜಾರುತ್ತದೆ. ಆ ಗೆರೆಗಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾಯವಾದರೆ ಚಿಂತೆಯಿಲ್ಲ. ರಾತ್ರಿ ಊಟದ ಹೊತ್ತಿಗೂ ಉಳಿದಿದ್ದರೆ ಆ ಚಡ್ಡಿ ನಿಮಗೆ ಚಿಕ್ಕದು, ಅದರ ಮೇಲೆ ಬರೆದಿರುವ ಸೈಜು ಏನೇ ಹೇಳಲಿ.

ನಮ್ಮ ಅಂಗಡಿಗಳಲ್ಲಿ ಒಳಉಡುಪಿನ ಸೈಜು 80, 85, 90, 95 ಎಂದು ಸೆಂಟಿಮೀಟರಿನಲ್ಲಿರುತ್ತದೆ. ಹೆಚ್ಚಿನವರು ಮದುವೆಗೆ ಮುಂಚಿನ ಸೈಜನ್ನೇ ಬಾಯಿಪಾಠವಾಗಿ ಹೇಳಿ ತರುತ್ತಾರೆ. ಟೇಪು ಹಿಡಿದು ಕುರ್ಚಿಯ ಮೇಲೆ ಕೂತು ಅಳೆಯಿರಿ. ಕೂತಾಗ ಹೊಟ್ಟೆಯ ಸುತ್ತಳತೆ ನಿಂತಾಗಿಗಿಂತ ಹೆಚ್ಚು, ಮತ್ತು ಕಚೇರಿಯವರು, ಟೈಲರುಗಳು, ಡ್ರೈವರುಗಳು ದಿನದ ಬಹುಪಾಲು ಕಳೆಯುವುದು ಕೂತೇ.

ಹೆಂಗಸರ ಪ್ಯಾಂಟಿಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಕಾಲಿನ ಕಟಿಂಗು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಮಾದರಿಯ ಕಾಲಿನ ಎಲಾಸ್ಟಿಕ್ ಸರಿಯಾಗಿ ತೊಡೆಸಂದಿನ ಮಡಿಕೆಯಗುಂಟ ಹೋಗುತ್ತದೆ. ಅಲ್ಲೇ ಸೋರಿಯಾಸಿಸ್ ಇದ್ದರೆ ಎರಡು ದಾರಿ. ಒಂದೋ ಮಡಿಕೆಗಿಂತ ಮೇಲೆ ಕತ್ತರಿಸಿದ ಮಾದರಿ, ಇಲ್ಲವೇ ತೊಡೆಯ ಮೇಲೆ ನಾಲ್ಕು ಬೆರಳು ಇಳಿಯುವ ಶಾರ್ಟ್ಸ್ ಮಾದರಿ. ತೊಡೆ ತೊಡೆ ತಾಗುವ ಮೈಕಟ್ಟಿನವರಿಗೆ ಎರಡನೆಯದೇ ವಾಸಿ, ಏಕೆಂದರೆ ಚರ್ಮಕ್ಕೆ ಚರ್ಮ ಉಜ್ಜದಂತೆ ನಡುವೆ ಒಂದು ಪದರ ಬಟ್ಟೆ ಇರುತ್ತದೆ. ಅಂಗಡಿಯಲ್ಲಿ ಕೇಳುವಾಗ 'ಇನ್ನರ್ ಎಲಾಸ್ಟಿಕ್' ಇರುವುದನ್ನು ಕೊಡಿ ಎನ್ನಿ. ಎಲಾಸ್ಟಿಕ್ ಬಟ್ಟೆಯ ಮಡಿಕೆಯೊಳಗೆ ಅಡಗಿರುವ ಮಾದರಿಗೆ ವ್ಯಾಪಾರಿಗಳ ಹೆಸರು ಅದೇ. ಹೊರಗೆ ಕಾಣುವುದು 'ಔಟರ್ ಎಲಾಸ್ಟಿಕ್', ಅದು ನೇರವಾಗಿ ಮೈಗೆ ತಾಗುತ್ತದೆ. ಲೇಸು ಬೇಡ. ಹಿಂಬದಿಯಲ್ಲಿ ಬರೀ ದಾರದಂತಿರುವ ಮಾದರಿಯಂತೂ ಪೃಷ್ಠದ ಸೀಳಿನಲ್ಲಿ ಮಚ್ಚೆ ಇರುವವರಿಗೆ ಹೇಳಿಸಿದ್ದಲ್ಲ.

ಗಂಡಸರಲ್ಲಿ ವಿ ಆಕಾರದ ಬ್ರೀಫಿನ ತೊಂದರೆಯೂ ಇದೇ ಮಡಿಕೆಯ ತೊಂದರೆ. ಸಡಿಲ ಬಾಕ್ಸರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ತೆಳ್ಳಗಿರುವವರಿಗೆ, ಮಲಗುವಾಗ, ಅದು ನಿಜ. ಆದರೆ ದಪ್ಪ ತೊಡೆಯವರು ಸಡಿಲ ಬಾಕ್ಸರ್ ಹಾಕಿ ಬೇಸಿಗೆಯಲ್ಲಿ ಒಂದು ಮೈಲಿ ನಡೆದರೆ ಬಟ್ಟೆ ಮೇಲಕ್ಕೆ ಸುತ್ತಿಕೊಂಡು ತೊಡೆಸಂದು ಹಸಿಯಾಗುತ್ತದೆ. ಅವರಿಗೆ ತೊಡೆಯ ಅರ್ಧಕ್ಕೆ ಬರುವ, ಮೈಗೆ ಹೊಂದಿಕೊಂಡೂ ಬಿಗಿಯದ ಉದ್ದ ಟ್ರಂಕ್ ಒಳ್ಳೆಯದು. ಮುಂಭಾಗದಲ್ಲಿ ಜಾಗ ಬಿಟ್ಟು ಹೊಲಿದಿರಬೇಕು, ವೃಷಣದ ಚರ್ಮ ತೊಡೆಗೆ ಅಂಟಿ ಬೇಯಬಾರದು.

ಇಲ್ಲಿ ನಮ್ಮ ಪಟಾಪಟಿ ಚಡ್ಡಿಯನ್ನು ನೆನೆಯದೆ ಮುಂದೆ ಹೋಗಲಾರೆ. ಪಂಚೆ, ಲುಂಗಿಯ ಕೆಳಗೆ ಹಳ್ಳಿಯ ಗಂಡಸರು ತೊಡುವ ಆ ಗೀರುಗೀರಿನ ಅಗಲ ಚಡ್ಡಿ ಹತ್ತಿಯ ನೇಯ್ಗೆಯದು. ಕಾಲಿಗೆ ಎಲಾಸ್ಟಿಕ್ಕಿಲ್ಲ, ಗಾಳಿ ಧಾರಾಳ, ಒಗೆದು ಹಾಕಿದರೆ ಬೇಗ ಒಣಗುತ್ತದೆ. ಮಡಿಕೆಯ ಸೋರಿಯಾಸಿಸ್‌ಗಾಗಲಿ, ತೊಡೆಸಂದಿನಲ್ಲಿ ಮತ್ತೆ ಮತ್ತೆ ಕುರು ಏಳುವ ಹೈಡ್ರಾಡೆನೈಟಿಸ್‌ಗಾಗಲಿ ಮನೆಯಲ್ಲಿರುವಾಗ ತೊಡಲು ಇದಕ್ಕಿಂತ ಅಗ್ಗದ, ಒಳ್ಳೆಯ ಉಡುಪು ನನಗೆ ಕಂಡಿಲ್ಲ. ಅದರ ಒಂದೇ ಕೊರತೆ ಸೊಂಟದ ಲಾಡಿ. ಲಾಡಿ ತೆಗೆದು ಎರಡು ಬೆರಳಗಲದ ಮೆತ್ತನೆ ಎಲಾಸ್ಟಿಕ್ ಬಟ್ಟೆಯೊಳಗೆ ಸೇರಿಸಿ ಹೊಲಿದುಕೊಡಲು ಬೀದಿಯ ಟೈಲರಿಗೆ ಕಾಲು ಗಂಟೆಯ ಕೆಲಸ. ಹೆಂಗಸರೂ ನೈಟಿಯ ಕೆಳಗೆ ಇದನ್ನು ತೊಡಬಹುದು, ನಾಚಿಕೆಗೆ ಏನಿದೆ.

ಲಾಡಿಯ ಮಾತನ್ನು ಸಣ್ಣದೆಂದು ತಳ್ಳಬಾರದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿದ್ದ ರೋಗವಿಜ್ಞಾನಿ ವಿ. ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ 1945ರಲ್ಲಿ, ಧೋತಿಯ ಗಂಟು ವರ್ಷಗಟ್ಟಲೆ ಒತ್ತಿದ ಸೊಂಟದ ಜಾಗದಲ್ಲಿ ಹುಟ್ಟುವ ಚರ್ಮದ ಕ್ಯಾನ್ಸರಿನ ಬಗ್ಗೆ ಬರೆದರು. ಆಮೇಲೆ ಸೀರೆಯ ಲಂಗದ ಲಾಡಿಯಿಂದಲೂ ಅಂಥದ್ದೇ ಪ್ರಕರಣಗಳು ವರದಿಯಾದವು. 2024ರಲ್ಲಿ ಮಹಾರಾಷ್ಟ್ರ, ಬಿಹಾರದ ವೈದ್ಯರು ಇಬ್ಬರು ಹಿರಿಯ ಮಹಿಳೆಯರ ಪ್ರಕರಣ ಪ್ರಕಟಿಸಿದಾಗ ಪತ್ರಿಕೆಗಳಲ್ಲಿ ಸುದ್ದಿಯೂ ಆಯಿತು. ಇದು ಬಹಳ ಅಪರೂಪ, ಹೆದರುವ ಅಗತ್ಯವಿಲ್ಲ. ಆದರೆ ಅದಕ್ಕಿಂತ ಮುಂಚಿನ ಹಂತ, ಅಂದರೆ ಸೊಂಟದ ಸುತ್ತ ಕಪ್ಪುಗಟ್ಟಿದ, ಒರಟಾದ, ಆಗಾಗ ಹುಣ್ಣಾಗುವ ಪಟ್ಟಿ, ಅಪರೂಪವೇನಲ್ಲ. ನಮ್ಮ ಅಮ್ಮಂದಿರು, ಅಜ್ಜಿಯರು ಅದನ್ನು ಸೀರೆಯ ಸಹಜ ಗುರುತೆಂದೇ ಹೊತ್ತು ತಿರುಗಿದರು. ಲಾಡಿಯ ಬದಲು ಅಗಲ ಪಟ್ಟಿಯ ಲಂಗ, ಮನೆಯಲ್ಲಿರುವಾಗ ಸಡಿಲಿಸುವುದು, ದಿನಕ್ಕೊಂದು ಎತ್ತರದಲ್ಲಿ ಕಟ್ಟುವುದು, ಇಷ್ಟರಿಂದಲೇ ಆ ಜಾಗಕ್ಕೆ ಉಸಿರು ಸಿಗುತ್ತದೆ. ಹುಣ್ಣು ವಾರಗಟ್ಟಲೆ ಆರದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಲೇಬೇಕು.

ಇನ್ನು ಬಟ್ಟೆ. ಸಾಮಾನ್ಯ ಹವೆಯಲ್ಲಿ ಹತ್ತಿ ನೂಲು ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹಿಡಿದಿರುತ್ತದೆ, ಪಾಲಿಯೆಸ್ಟರ್ ಅರ್ಧದಷ್ಟು ಶೇಕಡಾವನ್ನೂ ಹಿಡಿಯುವುದಿಲ್ಲ. ಹತ್ತಿ ಬೆವರನ್ನು ಚರ್ಮದಿಂದ ಎಳೆದುಕೊಳ್ಳುತ್ತದೆ ಎನ್ನುವ ಹೊಗಳಿಕೆಯ ಮೂಲ ಇದು. ಆದರೆ ಎಳೆದುಕೊಂಡ ಬೆವರನ್ನು ಅದು ಬೇಗ ಬಿಟ್ಟುಕೊಡುವುದಿಲ್ಲ. ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ತೊಟ್ಟ ಹತ್ತಿಯ ಚಡ್ಡಿ ಮಧ್ಯಾಹ್ನದ ಹೊತ್ತಿಗೆ ಒದ್ದೆಯಾಗಿ, ಸಂಜೆಯವರೆಗೆ ಒದ್ದೆಯಾಗಿಯೇ ಇರುತ್ತದೆ. ಒದ್ದೆ ಚರ್ಮ ಒಣ ಚರ್ಮಕ್ಕಿಂತ ಬೇಗ ತರಚುತ್ತದೆ. ಹಾಗಾಗಿ ಕರಾವಳಿಯವರಿಗೆ, ಬೆಸುಗೆ ಅಂಗಡಿ, ಬೇಕರಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಿಗೆ ನಾನು ಹೇಳುವುದು ಹತ್ತಿಯ ಜೊತೆಗೆ ಇನ್ನೊಂದು ಮಾತು: ಚೀಲದಲ್ಲಿ ಮತ್ತೊಂದು ಚಡ್ಡಿ ಇಟ್ಟುಕೊಳ್ಳಿ, ಮಧ್ಯಾಹ್ನ ಬದಲಿಸಿ. ಮೈಸೂರು, ಬೆಂಗಳೂರಿನ ಹವೆಗೆ ಒಂದೇ ಸಾಕಾಗಬಹುದು. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಬೆವರು ಹೆಚ್ಚು, ಆದರೆ ಗಾಳಿ ಒಣಗಿರುವುದರಿಂದ ಬಟ್ಟೆ ಮೈಮೇಲೇ ಆರುತ್ತದೆ.

ಮರದ ತಿರುಳಿನಿಂದ ಮಾಡಿದ ಮೋಡಾಲ್ ನುಣುಪಾಗಿದೆ, ಹತ್ತಿಗಿಂತ ಹೆಚ್ಚು ತೇವ ಹಿಡಿಯುತ್ತದೆ. ಬೆಲೆ ತಡೆದರೆ ಒಳ್ಳೆಯದೇ. 'ಬಿದಿರು' ಎಂದು ಮಾರುವುದರಲ್ಲಿ ಹೆಚ್ಚಿನದು ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ವಿಸ್ಕೋಸ್. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಇಂಥ ಬಟ್ಟೆಯನ್ನು ಬಿದಿರೆಂದು ಕರೆದು, ಅದಕ್ಕೆ ಸೂಕ್ಷ್ಮಾಣು ತಡೆಯುವ ಗುಣವಿದೆ ಎಂದು ಹೇಳಿಕೊಂಡ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ವಿಸ್ಕೋಸ್ ಕೆಟ್ಟದ್ದಲ್ಲ, ಔಷಧಿಯ ಬೆಲೆ ತೆರುವಂಥದ್ದೂ ಅಲ್ಲ. ರೇಷ್ಮೆಯ ವಿಷಯವೂ ಹೀಗೆಯೇ. ದೇಶದಲ್ಲೇ ಅತಿ ಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ನಾಡಿನವರಾದ ನಮಗೆ ಅದರ ಮೇಲೆ ಪ್ರೀತಿ ಸಹಜ. ಬ್ರಿಟನ್ನಿನಲ್ಲಿ ಇಸಬು ಇರುವ 300 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿಶೇಷವಾಗಿ ತಯಾರಿಸಿದ ರೇಷ್ಮೆಯ ಒಳಬಟ್ಟೆ ತೊಟ್ಟ ಮಕ್ಕಳಿಗೂ ಮಾಮೂಲಿ ಚಿಕಿತ್ಸೆ ಮಾತ್ರ ಪಡೆದ ಮಕ್ಕಳಿಗೂ ಕಾಯಿಲೆಯ ತೀವ್ರತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಹತ್ತಿಯ ಒಂದು ಡಜನ್ ಬರುತ್ತದೆ.

ಒಳ್ಳೆಯ ಹತ್ತಿ ಎಂದರೆ ಯಾವುದು? ಲೇಬಲ್ಲಿನಲ್ಲಿ 'ಕೋಂಬ್ಡ್ ಕಾಟನ್' ಎಂದಿದ್ದರೆ, ನೂಲುವ ಮುಂಚೆ ಗಿಡ್ಡ ಎಳೆಗಳನ್ನು ಬಾಚಿ ತೆಗೆದಿರುತ್ತಾರೆ, ಮೈಗೆ ಚುಚ್ಚುವ ತುದಿಗಳು ಕಡಿಮೆ. ಶೇಕಡಾ 5ರಷ್ಟು ಎಲಾಸ್ಟೇನ್ ಬೆರೆತಿದ್ದರೆ ತಪ್ಪಿಲ್ಲ, ಹಿಗ್ಗಿ ಕುಗ್ಗುವುದರಿಂದ ಉಜ್ಜುವುದು ಕಡಿಮೆಯಾಗುತ್ತದೆ. ಚಡ್ಡಿಯನ್ನು ಒಳಹೊರಗು ಮಾಡಿ ಹೊಲಿಗೆಯ ಮೇಲೆ ಕೆನ್ನೆ ಸವರಿ ನೋಡಿ; ಬೆರಳಿಗೆ ತಿಳಿಯದ ಏಣು ಕೆನ್ನೆಗೆ ತಿಳಿಯುತ್ತದೆ. ನೈಲಾನ್ ದಾರದಲ್ಲಿ ಹೊಲಿದ ಲೇಬಲ್ ಇದ್ದರೆ ಕತ್ತರಿಯಿಂದ ಕತ್ತರಿಸಬೇಡಿ, ಉಳಿದ ಮೊಂಡು ಅಂಚು ಇನ್ನಷ್ಟು ಚುಚ್ಚುತ್ತದೆ. ಸೂಜಿಯಿಂದ ಹೊಲಿಗೆ ಬಿಚ್ಚಿ ಪೂರ್ತಿ ತೆಗೆಯಿರಿ. ನಾನಂತೂ ಮಡಿಕೆಯ ಚರ್ಮ ಕೆರಳಿದ ವಾರಗಳಲ್ಲಿ ಮನೆಯಲ್ಲಿರುವಾಗ ಚಡ್ಡಿಯನ್ನು ತಿರುವಿಯೇ ತೊಡುತ್ತೇನೆ. ಹೊಲಿಗೆಗಳು ಹೊರಗಿರುತ್ತವೆ, ನುಣುಪು ಬದಿ ಮೈಗಿರುತ್ತದೆ.

ಉಜ್ಜಾಟ, ಒದ್ದೆ ಎರಡನ್ನೂ ಸರಿಪಡಿಸಿದರೂ ಸೊಂಟದ ಸುತ್ತ ಕಡಿತ ನಿಲ್ಲದಿದ್ದರೆ ಅನುಮಾನ ಪಡಬೇಕಾದದ್ದು ರಾಸಾಯನಿಕಗಳ ಮೇಲೆ. 1975ರಲ್ಲಿ ಅಮೆರಿಕದ ಚರ್ಮವೈದ್ಯರು ಒಂದು ಒಗಟು ಬಿಡಿಸಿದರು. ಎಲಾಸ್ಟಿಕ್ ತಾಗಿದ ಕಡೆಯಷ್ಟೇ ಅಲರ್ಜಿ ಏಳುತ್ತಿತ್ತು, ಆದರೆ ಹೊಸ ಎಲಾಸ್ಟಿಕ್ಕಿಗೆ ಏಳುತ್ತಿರಲಿಲ್ಲ. ಒಗೆದು ಬಳಸಿದ್ದಕ್ಕೇ ಏಳುತ್ತಿತ್ತು. ರಬ್ಬರಿಗೆ ಬೆರೆಸಿದ ಕಾರ್ಬಮೇಟ್ ಜಾತಿಯ ವಸ್ತು ಬ್ಲೀಚಿನ ಕ್ಲೋರಿನ್ ಜೊತೆ ಸೇರಿ ಅಲರ್ಜಿ ತರುವ ಇನ್ನೊಂದೇ ವಸ್ತುವಾಗಿ ಬದಲಾಗುತ್ತಿತ್ತು. ನಮ್ಮಲ್ಲಿ ಬಿಳಿ ಬನಿಯನ್ನು, ಚಡ್ಡಿ ಹಳದಿಯಾದರೆ ಬ್ಲೀಚಿನಲ್ಲಿ ಮುಳುಗಿಸುವ ಅಭ್ಯಾಸ ಇನ್ನೂ ಇದೆ. ಎಲಾಸ್ಟಿಕ್ ಇರುವ ಯಾವ ಬಟ್ಟೆಗೂ ಬ್ಲೀಚ್ ಬೇಡ. ಈಗಿನ ಎಷ್ಟೋ ಎಲಾಸ್ಟಿಕ್ಕುಗಳಲ್ಲಿ ರಬ್ಬರಿನ ಬದಲು ಎಲಾಸ್ಟೇನ್ ಇರುತ್ತದೆ, ಅದರಿಂದ ಅಲರ್ಜಿ ಕಡಿಮೆ. ಆದರೆ ರಸ್ತೆಬದಿಯ ರಾಶಿಯಲ್ಲಿ ಯಾವುದರಲ್ಲಿ ಏನಿದೆ ಎಂದು ಹೇಳುವವರಿಲ್ಲ.

ಬಣ್ಣದ ಬಗ್ಗೆ ಹರಡಿರುವ ನಂಬಿಕೆ, ಬಿಳಿ ಮಾತ್ರ ಸುರಕ್ಷಿತ ಎಂಬುದು, ಪೂರ್ತಿ ಸರಿಯಲ್ಲ. ಬಟ್ಟೆಯಿಂದ ಬರುವ ಅಲರ್ಜಿಯಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುವವು ಡಿಸ್ಪರ್ಸ್ ಬ್ಲೂ 106, 124 ಎಂಬ ಬಣ್ಣಗಳು. ಅವನ್ನು ಬಳಸುವುದು ಪಾಲಿಯೆಸ್ಟರ್, ಅಸಿಟೇಟ್, ನೈಲಾನಿನಂಥ ನೂಲಿಗೆ, ಅದರಲ್ಲೂ ಕಡುನೀಲಿ, ಕಪ್ಪು ತರಲು. ಅವು ನೂಲಿಗೆ ಗಟ್ಟಿಯಾಗಿ ಬೆಸೆದುಕೊಳ್ಳದೆ ಬೆವರಿನ ಜೊತೆ ಚರ್ಮಕ್ಕೆ ಇಳಿಯುತ್ತವೆ. ಹತ್ತಿಗೆ ಸಾಮಾನ್ಯವಾಗಿ ಹಾಕುವ ರಿಯಾಕ್ಟಿವ್ ಬಣ್ಣಗಳು ನೂಲಿನ ಜೊತೆ ರಾಸಾಯನಿಕವಾಗಿಯೇ ಕೂಡಿಕೊಳ್ಳುತ್ತವೆ. ಆದ್ದರಿಂದ ಕಪ್ಪು ಹತ್ತಿಯ ಚಡ್ಡಿಗಿಂತ ಕಪ್ಪು ಪಾಲಿಯೆಸ್ಟರ್ ಒಳಪದರದ ಬಗ್ಗೆ ಎಚ್ಚರ ಹೆಚ್ಚಿರಲಿ. ಮುಲಾಮಿನ ಕಲೆ, ಬಿರಿದ ಚರ್ಮದ ರಕ್ತದ ಕಲೆ ಕಾಣದಿರಲೆಂದು ಗಾಢ ಬಣ್ಣ ಬಯಸುವವರು ಬಹಳ ಜನ. ಅವರು ಹತ್ತಿಯಲ್ಲೇ ಅದನ್ನು ಧೈರ್ಯವಾಗಿ ಕೊಳ್ಳಬಹುದು, ತೊಡುವ ಮುಂಚೆ ಎರಡು ಸಲ ಒಗೆದರೆ ಸಾಕು.

ಒಗೆಯುವುದಕ್ಕಿಂತ ಜಾಲಾಡುವುದು ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಾರ್ ಸೋಪು ನೊರೆ ಬಿಡದೆ ಸುಣ್ಣದಂಥ ಜಿಡ್ಡಾಗಿ ನೂಲಿನಲ್ಲೇ ಕೂರುತ್ತದೆ, ಬಟ್ಟೆ ಒಣಗಿದ ಮೇಲೆ ಬಿರುಸಾಗುತ್ತದೆ. ಅಂಥ ಕಡೆ ವಾಸನೆ ಬೆರೆಸದ ಲಿಕ್ವಿಡ್ ಡಿಟರ್ಜೆಂಟು ಅಳತೆಗಿಂತ ಸ್ವಲ್ಪ ಕಡಿಮೆಯೇ ಹಾಕಿ, ಒಂದು ಸಲ ಹೆಚ್ಚಿಗೆ ಜಾಲಾಡಿ. ಮೃದುವಾಗಲೆಂದು ಹಾಕುವ ಪರಿಮಳದ ಕಂಡೀಷನರು ಒಳಉಡುಪಿಗೆ ಬೇಡವೇ ಬೇಡ.

ಒಣಗಿಸುವ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರ ಚಡ್ಡಿ, ಬನಿಯನ್ನು ಮಹಡಿಯ ಮೇಲೆ ನಡುಹಗಲ ಬಿಸಿಲಲ್ಲಿ ಆರಾಡುತ್ತವೆ. ಹೆಂಗಸರದು ಬಚ್ಚಲುಮನೆಯ ಮೂಲೆಯ ಕಂಬಿಗೆ, ಇಲ್ಲವೇ ಹೊರಗಿನ ತಂತಿಯಲ್ಲಿ ಟವೆಲ್ಲಿನ ಅಡಿಗೆ. ಬಿಸಿಲು ತಾಗದೆ, ಗಾಳಿಯಾಡದೆ, ಮುಗ್ಗಲು ವಾಸನೆಯೊಂದಿಗೇ ಅವು ಮರುದಿನ ಮತ್ತೆ ಮೈಯೇರುತ್ತವೆ. ಚರ್ಮದ ಕಾಯಿಲೆ ಇರುವ ಹೆಣ್ಣುಮಗಳಿಗೆ ಇದು ಮರ್ಯಾದೆಯ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ. ತಂತಿಯ ಮೇಲೆ ನೇರ ಬಿಸಿಲಿಗೆ ಹಾಕಿ. ನೋಡುವವರು ನೋಡಲಿ. ಹಾಸ್ಟೆಲ್, ಪಿಜಿಗಳನ್ನು ನಡೆಸುವವರು ಹೆಣ್ಣುಮಕ್ಕಳಿಗೆ ಬಿಸಿಲು ಬೀಳುವ ಒಂದು ತಂತಿಯನ್ನು ಒದಗಿಸಿದರೆ ಅದೇ ದೊಡ್ಡ ಉಪಕಾರ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೇ ಇಲ್ಲವಲ್ಲ ಎಂದರೆ, ಹಂಡೆ ಒಲೆಯ ಮೇಲಿನ ಬಿದಿರ ಗಳುವಿಗೆ ಹಾಕಿ ಬೆಚ್ಚಗೆ ಒಣಗಿಸುವ ರೂಢಿ ಅಲ್ಲಿದ್ದೇ ಇದೆ. ಆ ಅನುಕೂಲವಿಲ್ಲದವರು ಫ್ಯಾನಿನಡಿ ಆರಿಸಿ, ತೊಡುವ ಮುಂಚೆ ಒಳಬದಿಗೆ ಇಸ್ತ್ರಿ ಎಳೆಯಬೇಕು. ಎಲಾಸ್ಟಿಕ್ ಬಿಟ್ಟು.

ಮುಲಾಮು ಹಚ್ಚುವವರಿಗೆ ಇನ್ನೆರಡು ವಿಷಯ. ಪೆಟ್ರೋಲಿಯಂ ಜೆಲ್ಲಿಯಂಥ ಜಿಡ್ಡು ರಬ್ಬರನ್ನು ತಿನ್ನುತ್ತದೆ, ಕೆಲವೇ ತಿಂಗಳಲ್ಲಿ ಎಲಾಸ್ಟಿಕ್ ಜೋತು ಬೀಳುತ್ತದೆ. ರಾತ್ರಿ ಮುಲಾಮು ಹಚ್ಚುವಾಗಿನ ಚಡ್ಡಿಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಲಾಭ. ಎರಡನೆಯದು ಬೆಂಕಿ. ಜಿಡ್ಡು ಹೀರಿಕೊಂಡ ಬಟ್ಟೆಗೆ ಕಿಡಿ ತಾಗಿದರೆ ಮಾಮೂಲಿಗಿಂತ ಬೇಗ ಹೊತ್ತಿಕೊಳ್ಳುತ್ತದೆ, ಒಗೆದರೂ ಆ ಜಿಡ್ಡು ಪೂರ್ತಿ ಹೋಗುವುದಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ, ಬೀಡಿ ಇವುಗಳ ಮಧ್ಯೆಯೇ ಓಡಾಡುವ ನಮ್ಮ ಮನೆಗಳಲ್ಲಿ ಈ ಮಾತು ಎಲ್ಲ ರೋಗಿಗಳಿಗೂ ತಿಳಿದಿರಬೇಕು.

ಕೊಳ್ಳುವಾಗಿನ ದೊಡ್ಡ ಕಷ್ಟ, ಒಳಉಡುಪನ್ನು ತೊಟ್ಟು ನೋಡಲಾಗದು, ವಾಪಸು ಕೊಡಲಾಗದು. ಮೂರರ, ಐದರ ಪ್ಯಾಕಿಗೆ ರಿಯಾಯಿತಿ ಇದೆ ಎಂದು ಒಮ್ಮೆಗೇ ತರಬೇಡಿ. ಒಂದು ತನ್ನಿ, ಎರಡು ಸಲ ಒಗೆಯಿರಿ, ಕೆಲಸದ ದಿನವೊಂದರಲ್ಲಿ ಪೂರ್ತಿ ತೊಡಿ, ಸಂಜೆ ಮೈ ನೋಡಿಕೊಳ್ಳಿ. ಹೊಂದಿದರೆ ಅದೇ ಮಾದರಿಯನ್ನು ಅರ್ಧ ಡಜನ್ ತನ್ನಿ, ಲೇಬಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ದೇಶದ ಹತ್ತಿ ಹೆಣಿಗೆ ಉಡುಪುಗಳ ದೊಡ್ಡ ಪಾಲು ಪಕ್ಕದ ತಮಿಳುನಾಡಿನ ತಿರುಪ್ಪೂರಿನಲ್ಲಿ ತಯಾರಾಗುತ್ತದೆ. ರಫ್ತಿಗೆಂದು ಮಾಡಿದ ಮಾಲು ಕೆಲವೊಮ್ಮೆ ನಮ್ಮ ಊರುಗಳ ಅಂಗಡಿಗೂ ಬರುತ್ತದೆ. ಅದರ ಮೇಲೆ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಗುರುತಿದ್ದರೆ ಬಟ್ಟೆ, ದಾರ, ಬಣ್ಣಗಳನ್ನು ಹಾನಿಕಾರಕ ವಸ್ತುಗಳಿಗಾಗಿ ಪರೀಕ್ಷಿಸಿದ್ದಾರೆ ಎಂದರ್ಥ. 1992ರಿಂದ ಇರುವ ಗುರುತು ಅದು. ಹತ್ತಿಯೇ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ, ಅದಕ್ಕೆ ಲೇಬಲ್ಲನ್ನೇ ಓದಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದನ್ನು ಒತ್ತಿ ಹೇಳಬೇಕು. ತೊಡೆಸಂದಿನ ಮಚ್ಚೆಯೆಲ್ಲ ಸೋರಿಯಾಸಿಸ್ ಅಲ್ಲ. ನಮ್ಮ ದೇಶದಲ್ಲಿ ಈಗ ಹುಳುಕಡ್ಡಿ ಹಿಂದೆಂದಿಗಿಂತ ಹಠಮಾರಿಯಾಗಿದೆ. ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ 2020ರಲ್ಲಿ ಇಟ್ಟ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹೆಸರಿನಲ್ಲೇ ಇಂಡಿಯಾ ಇದೆ, ಟರ್ಬಿನಫಿನ್ ಎಂಬ ಸಾಮಾನ್ಯ ಔಷಧಿಗೆ ಅದು ಎಷ್ಟೋ ಸಲ ಬಗ್ಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ 'ತುರಿಕೆಗೆ ಏನಾದರೂ ಕೊಡಿ' ಎಂದಾಗ ಸಿಗುವ ಸ್ಟಿರಾಯ್ಡ್ ಬೆರೆತ ಕ್ರೀಮುಗಳು ಇದನ್ನು ಬೆಳೆಸಿದವು. ಚರ್ಮಕ್ಕೆ ಹಚ್ಚುವ 14 ಬಗೆಯ ಸ್ಟಿರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿ ಕಡ್ಡಾಯವಿರುವ ಪಟ್ಟಿಗೆ ಸೇರಿಸಿದೆ. ಸೋರಿಯಾಸಿಸ್ ಇರುವವರೂ ಮಡಿಕೆಯ ತೆಳು ಚರ್ಮಕ್ಕೆ ಮೊಣಕೈಗೆ ಕೊಟ್ಟ ಬಲವಾದ ಮುಲಾಮನ್ನೇ ಹಚ್ಚಿಕೊಂಡರೆ ಚರ್ಮ ಸವೆದು ಗೀರು ಬೀಳುತ್ತದೆ. ಹುಳುಕಡ್ಡಿಯೇ ಆಗಿದ್ದರೆ ಒಳಉಡುಪು, ಟವೆಲ್ಲು ಮನೆಯವರ ಬಟ್ಟೆಯ ಜೊತೆ ಬೆರೆಯಬಾರದು, ಬಿಸಿನೀರಿನಲ್ಲಿ ಒಗೆಯಬೇಕು. ಸೋರಿಯಾಸಿಸ್ ಆಗಿದ್ದರೆ ಆ ಭಯವೇ ಬೇಡ. ಎರಡೂ ಒಂದೇ ಮಡಿಕೆಯಲ್ಲಿ ಇರುವುದೂ ಉಂಟು. ಇದನ್ನು ನಿರ್ಧರಿಸುವುದು ನೋಡಿದ, ಬೇಕಾದರೆ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವೈದ್ಯರ ಕೆಲಸ.

ಆದ್ದರಿಂದ ಮೊಣಕೈ ತೋರಿಸಿ ಎದ್ದು ಬರಬೇಡಿ. ಸರ್ಕಾರಿ ಆಸ್ಪತ್ರೆಯ ಜನಜಂಗುಳಿಯ ಓಪಿಡಿಯಲ್ಲೂ ಪರದೆಯ ಹಿಂದೆ ತೋರಿಸುತ್ತೇನೆ ಎಂದು ಕೇಳುವ ಹಕ್ಕು ನಿಮಗಿದೆ. ಹೆಂಗಸರು ಜೊತೆಗೆ ನರ್ಸ್ ಇರಲಿ ಎನ್ನಬಹುದು. ಎಲಾಸ್ಟಿಕ್ ಅಥವಾ ಬಣ್ಣದ ಅಲರ್ಜಿಯ ಅನುಮಾನವಿದ್ದರೆ, ತೊಂದರೆ ಕೊಟ್ಟ ಆ ಹಳೆಯ ಚಡ್ಡಿಯನ್ನು ಒಗೆದು ಒಂದು ಕವರಿನಲ್ಲಿ ಹಾಕಿಕೊಂಡೇ ಹೋಗಿ. ಪ್ಯಾಚ್ ಟೆಸ್ಟ್ ಮಾಡುವ ಕಡೆ ಅದರ ಎಲಾಸ್ಟಿಕ್ಕಿನ, ಬಟ್ಟೆಯ ಸಣ್ಣ ತುಂಡು ಕತ್ತರಿಸಿ, ಒದ್ದೆ ಮಾಡಿ, ಬೆನ್ನ ಮೇಲೆ ಅಂಟಿಸುತ್ತಾರೆ. ರಬ್ಬರಿನ ರಾಸಾಯನಿಕಗಳು, ಡಿಸ್ಪರ್ಸ್ ಬಣ್ಣಗಳು ಪಕ್ಕದಲ್ಲೇ ಬೇರೆ ಬೇರೆ ಚುಕ್ಕೆಗಳಾಗಿರುತ್ತವೆ. 48 ಗಂಟೆ ಬೆನ್ನಿಗೆ ನೀರು ತಾಗಿಸುವಂತಿಲ್ಲ. ತೆಗೆದ ದಿನ ಒಮ್ಮೆ, ಇನ್ನೊಂದೆರಡು ದಿನ ಬಿಟ್ಟು ಮತ್ತೊಮ್ಮೆ ಯಾವ ಚುಕ್ಕೆ ಕೆಂಪಾಗಿ ಉಬ್ಬಿದೆ ಎಂದು ನೋಡಿ, ನೀವು ಮುಂದೆ ಕೊಳ್ಳಬಾರದ್ದು ಏನೆಂದು ಹೆಸರಿಟ್ಟು ಬರೆದುಕೊಡುತ್ತಾರೆ.